ಕೈ ಮರಳಿ ಕಲಿಯುವ ಬಗೆ

ಕೋಲಾರ ಜಿಲ್ಲೆಯು ಕೈಗೆಲಸದ ನಾಡು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಉಳಿ ಸುತ್ತಿಗೆಗಳನ್ನು ಹಿಡಿದು ಒರಟು ಕಲ್ಲಿನಿಂದ ನಯವಾದ ಮೂರ್ತಿಗಳನ್ನು ಕಡೆಯುತ್ತಾರೆ. ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ಕಸಿ ಕಟ್ಟುವವನು ಎಳೆಯ ಕುಡಿಯನ್ನು ಓರೆಯಾಗಿ ಕೊಯ್ದು ಬೇರೊಂದು ಗಿಡದ ಕಾಂಡಕ್ಕೆ ಕೂದಲೆಳೆಯಷ್ಟು ಸಂದೂ ಉಳಿಯದಂತೆ ಕೂಡಿಸುತ್ತಾನೆ. ಕೋಲಾರ, ಮುಳಬಾಗಿಲು ಸೀಮೆಯ ಹಳ್ಳಿಗಳಲ್ಲಿ ಹೆಂಗಸರು ಹಣ್ಣಾದ ರೇಷ್ಮೆಹುಳುವನ್ನು ಬೆರಳ ತುದಿಯಿಂದ ನೋಯಿಸದೆ ಎತ್ತಿ ಚಂದ್ರಿಕೆಯ ಮೇಲೆ ಬಿಡುತ್ತಾರೆ. ಬೆಳಗಿನ ಜಾವದಲ್ಲಿ ಹಸುವಿನ ಕೆಚ್ಚಲ ಬಳಿ ಕುಳಿತವರು ಕಣ್ಣುಮುಚ್ಚಿ ಹಾಲು ಕರೆಯಬಲ್ಲರು.

ಇವರಲ್ಲಿ ಯಾರೂ ಈ ಕೌಶಲವನ್ನು ಹುಟ್ಟುವಾಗಲೇ ಹೊತ್ತು ತಂದವರಲ್ಲ. ಎಲ್ಲರೂ ಕಲಿತವರು. ಮೊದಲು ತಪ್ಪಿದ್ದಾರೆ, ತಿದ್ದಿಕೊಂಡಿದ್ದಾರೆ, ಮತ್ತೆ ಮತ್ತೆ ಮಾಡಿದ್ದಾರೆ. ಕೊನೆಗೆ ಕೈಗೆ ಕೆಲಸವು ಒಲಿದಿದೆ. ಆದರೆ ಹೀಗೆ ಕಲಿತ ಕೈಯು ಒಂದು ದಿನ ರೋಗದ ಕಾರಣದಿಂದ ತಾನು ಕಲಿತುದನ್ನೆಲ್ಲ ಕಳೆದುಕೊಂಡರೆ? ಹಾಲು ಕರೆಯುತ್ತಿದ್ದ ಬೆರಳು ಒಂದು ಗುಂಡಿಯನ್ನು ಕೂಡ ಹಾಕಲಾರದೆ ಹೋದರೆ? ಅಂಥ ಕೈಯು ಎರಡನೆಯ ಬಾರಿ ಕಲಿಯಬಲ್ಲುದೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿ, ಆ ಉತ್ತರವನ್ನು ರೋಗಿಯ ನಿತ್ಯಜೀವನಕ್ಕೆ ಅನ್ವಯಿಸುವ ವಿದ್ಯೆಯೇ ಔದ್ಯೋಗಿಕ ಚಿಕಿತ್ಸೆ.

ಮಾನವನ ಒಂದು ಕೈಯಲ್ಲಿ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, 27 ಮೂಳೆಗಳಿವೆ. ಬೆರಳುಗಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಮುಂದೋಳಿನಲ್ಲಿದ್ದು, ನೀಳವಾದ ಸ್ನಾಯುರಜ್ಜುಗಳ ಮೂಲಕ ಬೆರಳುಗಳನ್ನು ಸೂತ್ರದ ಬೊಂಬೆಯಂತೆ ಎಳೆಯುತ್ತವೆ. ಈ ಸೂತ್ರವನ್ನು ಆಡಿಸುವ ಸೂತ್ರಧಾರನೇ ಮೆದುಳು. ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮೆದುಳಿನ ಹೊರಪದರದ ಒಂದು ಪಟ್ಟಿಯು ದೇಹದ ಚಲನೆಗಳಿಗೆ ಆಜ್ಞೆಯನ್ನು ನೀಡುತ್ತದೆ. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯನು ಈ ಪಟ್ಟಿಯ ನಕ್ಷೆಯನ್ನು ತಯಾರಿಸಿ, 1937ರಲ್ಲಿ ತನ್ನ ಸಹೋದ್ಯೋಗಿಯೊಡನೆ ಪ್ರಕಟಿಸಿದನು. ಆ ನಕ್ಷೆಯಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಇಡೀ ಬೆನ್ನಿಗೂ ಹೊಟ್ಟೆಗೂ ದೊರೆತ ಜಾಗಕ್ಕಿಂತ ಕೈಗೂ ಮುಖಕ್ಕೂ ದೊರೆತ ಜಾಗವು ಬಹಳ ದೊಡ್ಡದಾಗಿದ್ದಿತು. ದೇಹದ ಯಾವ ಅಂಗವು ಸೂಕ್ಷ್ಮವಾದ ಕೆಲಸವನ್ನು ಮಾಡುವುದೋ ಅದಕ್ಕೆ ಮೆದುಳು ಹೆಚ್ಚಿನ ಸ್ಥಳವನ್ನು ಮೀಸಲಿಟ್ಟಿದೆ.

ಮೆದುಳು ಆಜ್ಞೆಯನ್ನು ಕೊಟ್ಟು ಸುಮ್ಮನಾಗುವುದಿಲ್ಲ. ಕೈ ಎಲ್ಲಿದೆ, ಹಿಡಿತ ಎಷ್ಟು ಬಿಗಿಯಾಗಿದೆ, ಹಿಡಿದ ವಸ್ತು ಜಾರುತ್ತಿದೆಯೇ ಎಂಬ ಸುದ್ದಿಯು ಚರ್ಮದಿಂದಲೂ ಕೀಲುಗಳಿಂದಲೂ ಕಣ್ಣುಗಳಿಂದಲೂ ಎಡೆಬಿಡದೆ ಬರುತ್ತಿರುತ್ತದೆ. ಕಿರುಮೆದುಳು ಈ ಸುದ್ದಿಯನ್ನು ಉದ್ದೇಶದೊಡನೆ ಹೋಲಿಸಿ, ತಪ್ಪಿದ್ದರೆ ಮುಂದಿನ ಸಲ ಸರಿಯಾಗುವಂತೆ ತಿದ್ದಲು ನೆರವಾಗುತ್ತದೆ. ಬಾವಿಯಿಂದ ನೀರು ಸೇದುವವಳಿಗೆ ಕೊಡವು ತುಂಬಿದುದು ನೋಡದೆಯೇ ಹಗ್ಗದ ಭಾರದಿಂದ ತಿಳಿಯುವುದು ಹೀಗೆಯೇ. ಮಾಡುವುದು, ತಪ್ಪನ್ನು ಅರಿಯುವುದು, ತಿದ್ದುವುದು ಎಂಬ ಈ ಚಕ್ರವು ಸುತ್ತುತ್ತ ಹೋದಂತೆ ನರಕೋಶಗಳ ನಡುವಣ ಸಂಪರ್ಕಗಳು ಬಲಗೊಳ್ಳುತ್ತವೆ. ಇದನ್ನೇ ಚಲನಕಲಿಕೆ ಎನ್ನುತ್ತಾರೆ.

ಈ ಕಲಿಕೆಯು ಮೂರು ಹಂತಗಳಲ್ಲಿ ನಡೆಯುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಫಿಟ್ಸ್ ಮತ್ತು ಮೈಕೇಲ್ ಪೋಸ್ನರ್ 1967ರಲ್ಲಿ ವಿವರಿಸಿದರು. ಸೈಕಲ್ ಕಲಿಯುವ ಬಾಲಕನನ್ನು ನೋಡಿದರೆ ಈ ಮೂರೂ ಹಂತಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಆಲೋಚನೆಯ ಹಂತ. ಕಾಲನ್ನು ಎಲ್ಲಿಡಬೇಕು, ಕೈಯನ್ನು ಹೇಗೆ ತಿರುಗಿಸಬೇಕು ಎಂಬುದನ್ನೆಲ್ಲ ಆತನು ಯೋಚಿಸಿ ಯೋಚಿಸಿ ಮಾಡುತ್ತಾನೆ, ಬೇಗನೆ ದಣಿಯುತ್ತಾನೆ, ಬೀಳುತ್ತಾನೆ. ಎರಡನೆಯದು ಹೊಂದಿಕೆಯ ಹಂತ. ತಪ್ಪುಗಳು ಕಡಮೆಯಾಗಿ ಚಲನೆಗಳು ಒಂದರೊಡನೊಂದು ಕೂಡಿಕೊಳ್ಳುತ್ತವೆ. ಮೂರನೆಯದು ತಾನೇ ತಾನಾಗಿ ನಡೆಯುವ ಹಂತ. ಆಗ ಅವನು ಗೆಳೆಯನೊಡನೆ ಹರಟುತ್ತಲೇ ಸೈಕಲ್ ತುಳಿಯಬಲ್ಲನು.

ಅಭ್ಯಾಸವೆಂದರೆ ಒಂದನ್ನೇ ಯಂತ್ರದಂತೆ ಮರುಕಳಿಸುವುದೆಂದು ಹಲವರು ತಿಳಿದಿದ್ದಾರೆ. ನಿಜಾಂಶವು ಹಾಗಿಲ್ಲ. 1920ರ ದಶಕದಲ್ಲಿ ಮಾಸ್ಕೋ ನಗರದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿಯು ಸುತ್ತಿಗೆಯಿಂದ ಉಳಿಯ ತಲೆಗೆ ಹೊಡೆಯುವ ನುರಿತ ಕೆಲಸಗಾರರ ಚಲನೆಗಳನ್ನು ಛಾಯಾಚಿತ್ರಗಳ ನೆರವಿನಿಂದ ಅಳೆದನು. ಸುತ್ತಿಗೆಯು ಪ್ರತಿ ಸಲವೂ ಹೆಚ್ಚುಕಡಮೆ ಅದೇ ದಾರಿಯಲ್ಲಿ ಬಂದು ಗುರಿಯನ್ನು ಮುಟ್ಟುತ್ತಿದ್ದಿತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬೇರೆಯಾಗಿ ಚಲಿಸುತ್ತಿದ್ದವು. ಎಂದರೆ, ನುರಿತವನು ಒಂದೇ ಚಲನೆಯನ್ನು ನಕಲು ಮಾಡುವುದಿಲ್ಲ. ಪ್ರತಿ ಸಲವೂ ಒಂದೇ ಸಮಸ್ಯೆಯನ್ನು ಹೊಸದಾಗಿ ಬಿಡಿಸುತ್ತಾನೆ. ಶಿವಾರಪಟ್ಟಣದ ಶಿಲ್ಪಿಗೂ ಈ ಮಾತು ಸಲ್ಲುತ್ತದೆ. ಒಂದು ಕಲ್ಲಿನಂತೆ ಮತ್ತೊಂದು ಕಲ್ಲಿಲ್ಲ. ಆದುದರಿಂದ ಒಂದು ಏಟಿನಂತೆ ಮತ್ತೊಂದು ಏಟೂ ಇರಲಾರದು.

ಇಷ್ಟು ಸೂಕ್ಷ್ಮವಾದ ಈ ಏರ್ಪಾಡನ್ನು ಕ್ಷಣಮಾತ್ರದಲ್ಲಿ ಕೆಡಿಸುವ ರೋಗವೇ ಪಾರ್ಶ್ವವಾಯು. ಜನರು ಇದನ್ನು ಲಕ್ವ ಹೊಡೆಯುವುದು ಎನ್ನುತ್ತಾರೆ. ಮೆದುಳಿನ ರಕ್ತನಾಳವೊಂದರಲ್ಲಿ ರಕ್ತವು ಹೆಪ್ಪುಗಟ್ಟಿ ನಿಂತರೆ, ಇಲ್ಲವೆ ನಾಳವೇ ಒಡೆದರೆ, ಅದರಿಂದ ಪೋಷಣೆಯನ್ನು ಪಡೆಯುತ್ತಿದ್ದ ನರಕೋಶಗಳು ಸಾಯತೊಡಗುತ್ತವೆ. ದೊಡ್ಡ ನಾಳವೊಂದು ಮುಚ್ಚಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಷ್ಟವಾಗುತ್ತವೆಂದು 2006ರಲ್ಲಿ ಪ್ರಕಟವಾದ ಒಂದು ಗಣನೆಯು ತಿಳಿಸುತ್ತದೆ. ಮೆದುಳಿನಿಂದ ಹೊರಡುವ ಚಲನೆಯ ನರತಂತುಗಳಲ್ಲಿ ಹೆಚ್ಚಿನವು ದಾರಿಯಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಆದುದರಿಂದ ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ದೇಹದ ಬಲಭಾಗವು ಬಲಹೀನವಾಗುತ್ತದೆ. ಕೈಯ ಮೂಳೆ ಮುರಿದಿಲ್ಲ, ಸ್ನಾಯು ಹರಿದಿಲ್ಲ. ಆದರೂ ಕೈ ಏಳದು. ಬೊಂಬೆಯು ನೆಟ್ಟಗಿದೆ, ಸೂತ್ರಧಾರನು ಗಾಯಗೊಂಡಿದ್ದಾನೆ.

ಈ ರೋಗದಲ್ಲಿ ಕಾಲವೇ ಔಷಧದಷ್ಟು ಮುಖ್ಯವಾದುದು. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋತು ಕೆಳಗೆ ಬೀಳುವುದು, ಮಾತು ತೊದಲುವುದು ಇವು ಮುಖ್ಯವಾದ ಚಿಹ್ನೆಗಳು. ಇವು ಕಂಡೊಡನೆ 108 ಸಂಖ್ಯೆಗೆ ಕರೆಮಾಡಿ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗಾಗಿ ಕೊಡಬೇಕಾಗುತ್ತದೆ. ತಾಯಿತ, ಮಂತ್ರ, ಲೇಪಗಳನ್ನು ಅರಸಿ ಊರೂರು ಅಲೆಯುವಷ್ಟರಲ್ಲಿ ಈ ಅಮೂಲ್ಯವಾದ ಅವಧಿಯು ಕೈಮೀರಿ ಹೋಗುತ್ತದೆ.

ಪ್ರಾಣವು ಉಳಿದ ಮೇಲೆ ಎರಡನೆಯ ಹೋರಾಟವು ಮೊದಲಾಗುತ್ತದೆ. ಬೆಳೆದ ಮೆದುಳು ಬದಲಾಗಲಾರದು, ಹೋದದ್ದು ಹೋಯಿತು ಎಂದು ಬಹುಕಾಲ ನಂಬಲಾಗಿದ್ದಿತು. ಸತ್ತ ನರಕೋಶಗಳು ಮರಳಿ ಬರುವುದಿಲ್ಲವೆಂಬುದು ನಿಜ. ಆದರೆ ಅವುಗಳ ನೆರೆಯಲ್ಲಿ ಉಳಿದಿರುವ ಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು, ಸತ್ತವುಗಳ ಕೆಲಸದಲ್ಲಿ ಸ್ವಲ್ಪ ಭಾಗವನ್ನು ವಹಿಸಿಕೊಳ್ಳಬಲ್ಲವು. 1996ರಲ್ಲಿ ರ‍್ಯಾಂಡಾಲ್ಫ್ ನುಡೋ ಮತ್ತು ಅವನ ಸಂಗಡಿಗರು ಸಣ್ಣ ಜಾತಿಯ ಕೋತಿಗಳ ಮೇಲೆ ನಡೆಸಿದ ಪ್ರಯೋಗವು ಇದನ್ನು ತೋರಿಸಿತು. ಮೆದುಳಿನಲ್ಲಿ ಕೈಯ ಪ್ರದೇಶದ ಒಂದು ಭಾಗಕ್ಕೆ ಹಾನಿಯಾದ ಕೋತಿಗಳಿಗೆ ಕಿರಿದಾದ ಗುಳಿಗಳಿಂದ ಆಹಾರದ ಉಂಡೆಗಳನ್ನು ಅದೇ ಕೈಯಿಂದ ತೆಗೆಯುವ ತರಬೇತಿಯನ್ನು ನೀಡಲಾಯಿತು. ತರಬೇತಿ ಪಡೆದ ಕೋತಿಗಳಲ್ಲಿ ಕೈಯ ಪ್ರದೇಶದ ಉಳಿದ ಭಾಗವು ನಷ್ಟವಾಗಲಿಲ್ಲ. ಕೆಲವುಗಳಲ್ಲಿ ಅದು ಮೊಣಕೈ ಭುಜಗಳಿಗೆ ಸೇರಿದ್ದ ಜಾಗಕ್ಕೂ ಹರಡಿತು. ತರಬೇತಿಯಿಲ್ಲದ ಕೋತಿಗಳಲ್ಲಾದರೋ ಹಾನಿಯಾಗದೆ ಉಳಿದಿದ್ದ ಜಾಗವೂ ಕುಗ್ಗಿಹೋಗಿದ್ದಿತು. ಮೆದುಳಿನ ನೆಲವು ಬೇಸಾಯದ ನೆಲವಿದ್ದಂತೆ. ಉತ್ತವನಿಗೆ ಅದು ಉಳಿಯುತ್ತದೆ. ಬೀಳುಬಿಟ್ಟರೆ ಕಳೆ ಬೆಳೆಯುತ್ತದೆ.

ಇದರ ಇನ್ನೊಂದು ಮುಖವನ್ನು ಎಡ್ವರ್ಡ್ ಟೌಬ್ ಎಂಬ ಅಮೆರಿಕದ ವಿಜ್ಞಾನಿಯು ಕಂಡುಕೊಂಡನು. ರೋಗಿಯು ಮೊದಮೊದಲು ಸೋತ ಕೈಯನ್ನು ಬಳಸಲು ಯತ್ನಿಸುತ್ತಾನೆ. ಲೋಟವು ಜಾರುತ್ತದೆ, ಅನ್ನವು ಚೆಲ್ಲುತ್ತದೆ, ನಾಚಿಕೆಯಾಗುತ್ತದೆ. ಒಳ್ಳೆಯ ಕೈಯಿಂದ ಮಾಡಿದರೆ ಕೆಲಸವು ಸುಲಭವಾಗುತ್ತದೆ. ಹೀಗೆ ದಿನಗಳೆದಂತೆ ಆತನು ಸೋತ ಕೈಯನ್ನು ಬಳಸದಿರುವುದನ್ನೇ ಕಲಿತುಬಿಡುತ್ತಾನೆ. ಮುಂದೆ ಮೆದುಳು ಸ್ವಲ್ಪ ಚೇತರಿಸಿಕೊಂಡು ಆ ಕೈಗೆ ಶಕ್ತಿಯು ಬಂದರೂ ಅದನ್ನು ಎತ್ತುವ ಯೋಚನೆಯೇ ಅವನಿಗೆ ಬರುವುದಿಲ್ಲ. ಕಲಿಯುವುದು ಹೇಗೋ ಹಾಗೆಯೇ ಬಿಡುವುದೂ ಒಂದು ಕಲಿಕೆಯೇ. ಇದಕ್ಕೆ ಪರಿಹಾರವಾಗಿ ಟೌಬನು ಒಳ್ಳೆಯ ಕೈಗೆ ಎಚ್ಚರವಾಗಿರುವ ಹೊತ್ತಿನ ಬಹುಪಾಲು ಕೈಚೀಲವನ್ನು ತೊಡಿಸಿ, ಸೋತ ಕೈಯಿಂದಲೇ ಕೆಲಸಗಳನ್ನು ಮಾಡಿಸುವ ಕ್ರಮವನ್ನು ರೂಪಿಸಿದನು. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 222 ರೋಗಿಗಳು ಭಾಗವಹಿಸಿದ್ದರು. ಎರಡು ವಾರಗಳ ಇಂಥ ತರಬೇತಿಯನ್ನು ಪಡೆದವರ ಕೈಗಳು ಸಾಮಾನ್ಯ ಆರೈಕೆಯನ್ನು ಮಾತ್ರ ಪಡೆದವರ ಕೈಗಳಿಗಿಂತ ಹೆಚ್ಚು ಚೇತರಿಸಿಕೊಂಡುವು. ಆದರೆ ಈ ಕ್ರಮವು ಎಲ್ಲರಿಗೂ ಒಗ್ಗುವಂಥದಲ್ಲ. ಮಣಿಕಟ್ಟೂ ಬೆರಳುಗಳೂ ಸ್ವಲ್ಪವಾದರೂ ಆಡುವವರಿಗೆ, ತಜ್ಞರ ಕಣ್ಣೆದುರಿನಲ್ಲಿ ಮಾತ್ರ, ಇದನ್ನು ಮಾಡಿಸತಕ್ಕುದು.

ಈ ತಿಳಿವಳಿಕೆಯನ್ನು ಕಾರ್ಯರೂಪಕ್ಕೆ ತರುವ ಔದ್ಯೋಗಿಕ ಚಿಕಿತ್ಸೆಯು ಪ್ರತ್ಯೇಕವಾದ ವೃತ್ತಿಯಾಗಿ ಸಂಘಟಿತವಾದುದು 1917ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ಅದರ ಸ್ಥಾಪಕರಲ್ಲಿ ಒಬ್ಬನಾದ ಜಾರ್ಜ್ ಬಾರ್ಟನ್ ವೈದ್ಯನಲ್ಲ, ಕಟ್ಟಡಗಳ ವಿನ್ಯಾಸಕಾರ. ಅವನ ದೇಹದ ಎಡಭಾಗವು ಸ್ವಾಧೀನ ತಪ್ಪಿದ್ದಿತು. ತೋಟದ ಕೆಲಸ, ಮರಗೆಲಸಗಳನ್ನು ಮಾಡುತ್ತ ಆತನು ತನ್ನ ಶಕ್ತಿಯನ್ನು ಮರಳಿ ಗಳಿಸಿಕೊಂಡನು. ಭಾರತದಲ್ಲಿ ಈ ವಿದ್ಯೆಯ ಮೊದಲ ಶಾಲೆಯು ಶ್ರೀಮತಿ ಕಮಲಾ ನಿಂಬಕರ್ ಅವರ ಪ್ರಯತ್ನದಿಂದ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭವಾಯಿತು. ಎರಡು ವರ್ಷಗಳ ತರುವಾಯ, 1952ರಲ್ಲಿ, ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘವು ಹುಟ್ಟಿಕೊಂಡಿತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಒಂದು ಕಾಯಿದೆಯು ಇತರ ಆರೋಗ್ಯ ವೃತ್ತಿಗಳೊಡನೆ ಈ ವೃತ್ತಿಗೂ ಶಾಸನದ ಮನ್ನಣೆಯನ್ನು ನೀಡಿತು.

ಉದ್ಯೋಗ ಎಂಬ ಮಾತಿಗೆ ಇಲ್ಲಿ ಸಂಬಳದ ಕೆಲಸವೆಂದು ಅರ್ಥವಲ್ಲ. ಮನುಷ್ಯನ ದಿನವನ್ನು ತುಂಬುವ, ಬಾಳಿಗೆ ಅರ್ಥವನ್ನು ಕೊಡುವ ಎಲ್ಲ ಕ್ರಿಯೆಗಳೂ ಇದರಲ್ಲಿ ಅಡಕವಾಗಿವೆ. ಸ್ನಾನ, ಊಟ, ಉಡುಪು, ಅಡುಗೆ, ಬೇಸಾಯ, ಪೂಜೆ, ಮೊಮ್ಮಗುವನ್ನು ಎತ್ತಿಕೊಳ್ಳುವುದು ಎಲ್ಲವೂ ಉದ್ಯೋಗಗಳೇ. ಕನ್ನಡಿಗರಿಗೆ ಈ ವಿಚಾರವು ಹೊಸದಾಗಿ ತೋರಲಾರದು. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಮಾತಿಗೆ ಹಿರಿದಾದ ಬೆಲೆಯನ್ನು ತಂದುಕೊಟ್ಟರು. ಕಾಯದಿಂದ ಮಾಡುವುದು ಕಾಯಕ. ಕಾಯವು ಸೋತಾಗ ಕಾಯಕವೇ ಅದನ್ನು ಎಬ್ಬಿಸಬಲ್ಲುದು ಎಂಬುದು ಈ ಚಿಕಿತ್ಸೆಯ ತಿರುಳು.

ಒಂದು ಕಲ್ಪಿತ ನಿದರ್ಶನದಿಂದ ಇದರ ಕ್ರಮವನ್ನು ತಿಳಿಯಬಹುದು. ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೇಷ್ಮೆ ಸಾಕುವ ಮನೆಯ ಹಿರಿಯಾಕೆಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿದೆ ಎಂದಿಟ್ಟುಕೊಳ್ಳಬಹುದು. ಆಸ್ಪತ್ರೆಯಿಂದ ಮನೆಗೆ ಬಂದ ಆಕೆಯನ್ನು ಮನೆಯವರು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಮಗಳು ತಲೆ ಬಾಚುತ್ತಾಳೆ, ಸೊಸೆ ತುತ್ತು ಮಾಡಿ ಉಣಿಸುತ್ತಾಳೆ. ಬಲಗೈ ಮಡಿಲಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಚಿಕಿತ್ಸಕಿಯು ಬಂದು ಮೊದಲು ಕೈಯನ್ನು ಮುಟ್ಟುವುದಿಲ್ಲ, ಪ್ರಶ್ನೆಯನ್ನು ಕೇಳುತ್ತಾಳೆ:

“ಅಮ್ಮಾ, ನಿಮಗೆ ಯಾವ ಕೆಲಸ ಮಾಡುವ ಆಸೆ ಇದೆ?”

“ಇನ್ನೇನು ಆಸೆಯಮ್ಮ! ಮೂವತ್ತು ವರ್ಷ ಈ ಮನೆಗೆ ಮುದ್ದೆ ಕಟ್ಟಿ ಹಾಕಿದವಳು ನಾನು. ಈಗ ನನ್ನ ಬಾಯಿಗೆ ಇನ್ನೊಬ್ಬರು ಇಡುತ್ತಾರೆ.”

ಚಿಕಿತ್ಸೆಯ ಗುರಿಯು ಈ ಉತ್ತರದಲ್ಲಿಯೇ ದೊರೆಯಿತು. ಅರ್ಥವಿಲ್ಲದೆ ಕೈಯನ್ನು ಮೇಲೆ ಕೆಳಗೆ ಆಡಿಸುವುದಕ್ಕಿಂತ, ಬೇಕೆನಿಸಿದ ಕೆಲಸಕ್ಕಾಗಿ ಕೈಯನ್ನು ಚಾಚುವುದರಲ್ಲಿ ಮನಸ್ಸೂ ದೇಹವೂ ಒಂದಾಗುತ್ತವೆ. ಚಿಕಿತ್ಸಕಿಯು ಮುದ್ದೆ ಕಟ್ಟುವ ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸುತ್ತಾಳೆ. ಬೀಳದಂತೆ ನೆಟ್ಟಗೆ ಕುಳಿತಿರಬೇಕು, ಭುಜವನ್ನು ಮುಂದಕ್ಕೆ ತರಬೇಕು, ಮೊಣಕೈಯನ್ನು ನೀಡಬೇಕು, ಬೆರಳುಗಳನ್ನು ತೆರೆಯಬೇಕು, ಎರಡು ಅಂಗೈಗಳ ನಡುವೆ ಹಿಟ್ಟನ್ನು ಹೊರಳಿಸಬೇಕು. ಎಲ್ಲಿ ತೊಡಕಿದೆಯೋ ಅಲ್ಲಿ ಮೊದಲು ಅಭ್ಯಾಸ. ಬಿಸಿ ಮುದ್ದೆಯನ್ನು ಆರಂಭದಲ್ಲಿ ಕೊಡುವುದಿಲ್ಲ. ಸೋತ ಕೈಗೆ ಬಿಸಿಯ ಅರಿವು ಇಲ್ಲದಿರಬಹುದು; ಅರಿವಿಲ್ಲದ ಕೈ ಬೇಗ ಸುಡುತ್ತದೆ. ಆದುದರಿಂದ ಮೊದಲು ತಣ್ಣನೆಯ ಕಣಕವನ್ನು ಕೊಡುತ್ತಾಳೆ. ಒಳ್ಳೆಯ ಕೈ ನೆರವಾಗುತ್ತದೆ, ಸೋತ ಕೈ ಜೊತೆಗೂಡುತ್ತದೆ.

ಎಷ್ಟು ಸಲ ಮಾಡಬೇಕು? ಇಲ್ಲಿಯೇ ಬಹಳ ಜನರು ಎಡವುತ್ತಾರೆ. ಅಮೆರಿಕ ಮತ್ತು ಕೆನಡಾಗಳ ಚಿಕಿತ್ಸಾಲಯಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾರ್ಶ್ವವಾಯು ಪೀಡಿತರು ಒಂದು ಅವಧಿಯಲ್ಲಿ ಕೈಯಿಂದ ಮಾಡುತ್ತಿದ್ದ ಉದ್ದೇಶಪೂರ್ಣ ಚಲನೆಗಳು ಸರಾಸರಿ 32 ಮಾತ್ರವೆಂದು ತಿಳಿದುಬಂದಿತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಾದರೋ ದಿನಕ್ಕೆ ನೂರಾರು ಸಲ ಚಲನೆಯಾದಾಗ ಮೆದುಳಿನಲ್ಲಿ ಬದಲಾವಣೆಯು ಕಂಡುಬಂದಿದ್ದಿತು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಅರ್ಧ ಗಂಟೆ ಕಳೆದುಬಂದರೆ ಸಾಲದು ಎಂಬುದು ಇದರಿಂದ ವಿದಿತವಾಗುತ್ತದೆ. ಅಭ್ಯಾಸದ ನಿಜವಾದ ಸ್ಥಳವು ಮನೆ. ಅವರೆಕಾಯಿ ಸುಲಿಯುವುದು, ಹಿಪ್ಪುನೇರಳೆ ಸೊಪ್ಪನ್ನು ಹರಡುವುದು, ಬಟ್ಟೆ ಮಡಿಸುವುದು, ಚಂದ್ರಿಕೆಯಿಂದ ಗೂಡುಗಳನ್ನು ಬಿಡಿಸುವುದು ಇವೆಲ್ಲವೂ ಬೆರಳಿಗೆ ಪಾಠಗಳೇ.

ಅಭ್ಯಾಸವನ್ನು ಬದಲಾಯಿಸುತ್ತಿರುವುದೂ ಅವಶ್ಯಕ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಹಲವು ಚಲನೆಗಳನ್ನು ಕಲಿಯುವವರ ಎರಡು ಗುಂಪುಗಳನ್ನು ಹೋಲಿಸಿದರು. ಒಂದನ್ನು ಮುಗಿಸಿ ಇನ್ನೊಂದನ್ನು ಮಾಡಿದವರು ಅಭ್ಯಾಸದ ವೇಳೆಯಲ್ಲಿ ಚುರುಕಾಗಿ ಕಂಡರು. ಆದರೆ ಎಲ್ಲವನ್ನೂ ಬೆರೆಸಿ, ತಡವರಿಸುತ್ತ ಕಲಿತವರಲ್ಲಿ ಕಲಿತದ್ದು ಹೆಚ್ಚು ಕಾಲ ಉಳಿಯಿತು. ಆದುದರಿಂದ ಚಿಕಿತ್ಸಕಿಯು ಇಂದು ಲೋಟ, ನಾಳೆ ಚೆಂಬು, ನಾಡಿದ್ದು ಬುಟ್ಟಿ ಎಂದು ಹಿಡಿಯುವ ವಸ್ತುವನ್ನು ಬದಲಾಯಿಸುತ್ತಾಳೆ. ಕುಳಿತು ಮಾಡಿದುದನ್ನು ನಿಂತು ಮಾಡಿಸುತ್ತಾಳೆ. ಪ್ರತಿ ತಪ್ಪನ್ನೂ ತಾನೇ ತಿದ್ದದೆ, “ಎಲ್ಲಿ ಜಾರಿತು, ನೀವೇ ಹೇಳಿ ಅಮ್ಮಾ” ಎಂದು ರೋಗಿಗೇ ಯೋಚಿಸಲು ಅವಕಾಶವನ್ನು ಕೊಡುತ್ತಾಳೆ. ತಾನೇ ಕಂಡುಕೊಂಡ ತಪ್ಪು ಮರೆಯುವುದಿಲ್ಲ.

ಕೋಲಾರ, ಮುಳಬಾಗಿಲುಗಳನ್ನು ಹಾದು ಪೂರ್ವಕ್ಕೆ ಸಾಗುವ ಹೆದ್ದಾರಿಯು ತಮಿಳುನಾಡಿನ ವೆಲ್ಲೂರನ್ನು ಮುಟ್ಟುತ್ತದೆ. ಅಂಗಗಳ ಮರುಕಲಿಕೆಯ ಚರಿತ್ರೆಯಲ್ಲಿ ಆ ಊರಿಗೆ ವಿಶಿಷ್ಟವಾದ ಸ್ಥಾನವಿದೆ. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆಯನ್ನು ಮಾಡಿದರು. ರೋಗದಿಂದ ನರಗಳು ಸತ್ತು ಬೆರಳುಗಳು ಮುದುಡಿ ಹೋದಾಗ, ಇನ್ನೂ ಶಕ್ತಿಯುಳ್ಳ ಸ್ನಾಯುವಿನ ರಜ್ಜುವನ್ನು ಬೇರೆ ಕಡೆಗೆ ಸಾಗಿಸಿ ಹೊಲಿಯುತ್ತಿದ್ದರು. ಆದರೆ ಹೊಲಿಗೆ ಮಾಯ್ದ ಮಾತ್ರಕ್ಕೆ ಕೈ ಕೆಲಸ ಮಾಡುತ್ತಿರಲಿಲ್ಲ. ನಿನ್ನೆಯವರೆಗೆ ಒಂದು ಕೆಲಸವನ್ನು ಮಾಡುತ್ತಿದ್ದ ಸ್ನಾಯುವಿಗೆ ಇಂದು ಇನ್ನೊಂದು ಕೆಲಸವನ್ನು ಕಲಿಸಬೇಕಾಗಿದ್ದಿತು. ಅದನ್ನು ಕಲಿಯಬೇಕಾದವನು ರೋಗಿ, ಕಲಿಸಬೇಕಾದವನು ಚಿಕಿತ್ಸಕ.

ಅದೇ ಕಾಲೇಜಿನ ಡಾ. ಮೇರಿ ವರ್ಗೀಸ್ ಅವರು 1954ರಲ್ಲಿ ರಸ್ತೆಯ ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಎರಡೂ ಕಾಲುಗಳ ಚಲನೆಯನ್ನು ಕಳೆದುಕೊಂಡರು. ಅವರು ವೃತ್ತಿಯನ್ನು ಬಿಡಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತು, ಕುಷ್ಠರೋಗಿಗಳ ಕೈಗಳನ್ನು ನೇರ್ಪಡಿಸಿದರು. ತರುವಾಯ ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯವನ್ನು ಅಭ್ಯಾಸ ಮಾಡಿ ಬಂದು ವೆಲ್ಲೂರಿನಲ್ಲಿ ಆ ಶಾಖೆಯನ್ನು ಬೆಳೆಸಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವು ತೆರೆಯಿತು. 1972ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಕಾಲುಗಳು ಮರಳಿ ನಡೆಯಲಿಲ್ಲ. ಆದರೆ ಬಾಳು ನಿಲ್ಲಲಿಲ್ಲ.

ಈ ಮಾತನ್ನು ಗಮನದಲ್ಲಿಡಬೇಕು. ಔದ್ಯೋಗಿಕ ಚಿಕಿತ್ಸೆಯು ಪವಾಡವಲ್ಲ. ಹಾನಿಯು ಹೆಚ್ಚಾಗಿದ್ದರೆ ಕೈ ಮೊದಲಿನಂತೆ ಆಗದಿರಬಹುದು. ಮೊದಲ ಕೆಲವು ತಿಂಗಳುಗಳಲ್ಲಿ ಚೇತರಿಕೆಯು ವೇಗವಾಗಿದ್ದು, ಅನಂತರ ನಿಧಾನವಾಗುತ್ತದೆ. ಆಗ ಚಿಕಿತ್ಸಕನು ಇನ್ನೊಂದು ದಾರಿಯನ್ನು ಹಿಡಿಯುತ್ತಾನೆ. ಕೈಯನ್ನು ಕೆಲಸಕ್ಕೆ ಹೊಂದಿಸಲಾಗದಿದ್ದರೆ ಕೆಲಸವನ್ನು ಕೈಗೆ ಹೊಂದಿಸುತ್ತಾನೆ. ಚಮಚದ ಹಿಡಿಗೆ ಬಟ್ಟೆಯನ್ನು ಸುತ್ತಿ ದಪ್ಪ ಮಾಡಿದರೆ ಬಿಗಿ ಹಿಡಿಯಲಾರದ ಬೆರಳೂ ಅದನ್ನು ಹಿಡಿಯಬಲ್ಲುದು. ತಟ್ಟೆಯ ಕೆಳಗೆ ಒದ್ದೆ ಬಟ್ಟೆಯನ್ನು ಹಾಸಿದರೆ ಒಂದೇ ಕೈಯಲ್ಲಿ ಉಣ್ಣುವವನ ತಟ್ಟೆ ಜಾರುವುದಿಲ್ಲ. ಅಂಗಿ ತೊಡುವಾಗ ಸೋತ ಕೈಯನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಒಳ್ಳೆಯ ಕೈಯನ್ನು ಮೊದಲು ತೆಗೆಯಬೇಕು. ಬಚ್ಚಲ ಗೋಡೆಗೆ ಬಲವಾದ ಹಿಡಿಕೆಯೊಂದನ್ನು ಜಡಿದರೆ ಮತ್ತೊಬ್ಬರ ನೆರವಿಲ್ಲದೆ ಸ್ನಾನ ಮಾಡುವ ಮರ್ಯಾದೆಯು ಉಳಿಯುತ್ತದೆ.

ಇನ್ನು ಮನೆಯವರ ಪಾತ್ರ. ಪ್ರೀತಿಯಿಂದಲೂ ಹಾನಿಯಾಗಬಹುದೆಂಬುದನ್ನು ಅವರು ಅರಿಯಬೇಕು. ರೋಗಿಯು ಗುಂಡಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಂಡರೆ, ತಡವಾಗುತ್ತದೆಂದು ಕೈಹಾಕಿ ತಾವೇ ಮುಗಿಸಿಬಿಡುವವರು ಆ ದಿನದ ಪಾಠವನ್ನು ಕಸಿದುಕೊಂಡಂತೆಯೇ ಸರಿ. ಹಾಗೆಂದು ಬಯ್ದು ಅವಸರಪಡಿಸುವುದೂ ಸಲ್ಲದು. ಸೋತ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬಾರದು. ಸಡಿಲವಾದ ಭುಜದ ಕೀಲಿಗೆ ನೋವಾಗುತ್ತದೆ. ಕಾಯುವುದು, ಬೇಕಾದಷ್ಟೇ ಆಸರೆ ಕೊಡುವುದು, ಬಂದಷ್ಟನ್ನು ಮೆಚ್ಚುವುದು ಇವು ಮನೆಯವರ ಕರ್ತವ್ಯಗಳು. ಇದು ಹೇಳಿದಷ್ಟು ಸುಲಭವಲ್ಲ. ಕೂಲಿಗೆ ಹೋಗಬೇಕಾದವರು ಮನೆಯಲ್ಲಿ ಕುಳಿತರೆ ಒಲೆ ಉರಿಯುವುದಿಲ್ಲ. ಆದುದರಿಂದಲೇ ಮನೆಯ ಮಕ್ಕಳ ನೆರವು ಬೆಲೆಯುಳ್ಳದ್ದು. ಶಾಲೆಯಿಂದ ಬಂದ ಹುಡುಗನೋ ಹುಡುಗಿಯೋ ಅಜ್ಜನ ಎದುರಿಗೆ ಚೌಕಾಬಾರದ ಮನೆಯನ್ನು ಬರೆದು ಕುಳಿತರೆ, ಕಾಯಿ ನಡೆಸುವ ನೆಪದಲ್ಲಿ ಅಜ್ಜನ ಬೆರಳು ನೂರು ಸಲ ಆಡುತ್ತದೆ, ಮನಸ್ಸೂ ಅರಳುತ್ತದೆ.

ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯೂ ಟಮಕದ ಆರ್. ಎಲ್. ಜಾಲಪ್ಪ ಆಸ್ಪತ್ರೆಯೂ ಈ ಸೀಮೆಯ ದೊಡ್ಡ ಆಸ್ಪತ್ರೆಗಳು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಮೆದುಳು ಮತ್ತು ಮನಸ್ಸಿನ ರೋಗಗಳ ಚಿಕಿತ್ಸೆಗೆ ದೇಶದಲ್ಲೆಲ್ಲ ಹೆಸರಾಗಿದೆ. ಆ ಸಂಸ್ಥೆಯ ಸಹಯೋಗದಲ್ಲಿ ಕರ್ನಾಟಕ ಸರ್ಕಾರವು 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿದಾಗ, ಮೊದಲ ಪ್ರಯೋಗಕ್ಕೆ ಆರಿಸಿಕೊಂಡ ಸ್ಥಳಗಳಲ್ಲಿ ಕೋಲಾರ ಜಿಲ್ಲೆಯೂ ಒಂದಾಗಿದ್ದಿತು. ಆದರೂ ಔದ್ಯೋಗಿಕ ಚಿಕಿತ್ಸಕರು ಊರೂರಿನಲ್ಲಿ ದೊರೆಯುವುದಿಲ್ಲ. ಬಸ್ಸಿನ ಖರ್ಚು, ಕಳೆದುಹೋಗುವ ಕೂಲಿ, ದೂರದ ದಾರಿ ಇವು ಹಳ್ಳಿಯ ರೋಗಿಗಳಿಗೆ ಅಡ್ಡಿಯಾಗಿವೆ. ಪ್ರಾಣವನ್ನು ಉಳಿಸುವ ವೈದ್ಯರಷ್ಟೇ, ಉಳಿದ ಪ್ರಾಣಕ್ಕೆ ಬದುಕನ್ನು ಮರಳಿ ಕೊಡುವ ಚಿಕಿತ್ಸಕರೂ ಸಮಾಜಕ್ಕೆ ಅಗತ್ಯ. ಇಂದು ತರಗತಿಯಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ವೃತ್ತಿಯನ್ನು ಆರಿಸಿಕೊಂಡು ತಮ್ಮ ತಾಲ್ಲೂಕುಗಳಿಗೆ ಹಿಂದಿರುಗಿದರೆ ಈ ಕೊರತೆಯು ತೀರುವುದು.

ಮಗುವು ಮೊದಲ ಹೆಜ್ಜೆಯನ್ನಿಟ್ಟು ಬಿದ್ದಾಗ ಯಾರೂ ನಗುವುದಿಲ್ಲ. ಎತ್ತಿ ನಿಲ್ಲಿಸಿ ಮತ್ತೆ ನಡೆಸುತ್ತಾರೆ. ಅರವತ್ತರ ವಯಸ್ಸಿನಲ್ಲಿ ಲೋಟವನ್ನು ಹಿಡಿಯಲು ಕಲಿಯುತ್ತಿರುವವರೂ ಅಂಥ ಮಗುವಿನಂತೆಯೇ ಕಲಿಯುವವರು. ಅವರ ಕೈ ನಡುಗುವುದು ಸೋಲಿನ ಗುರುತಲ್ಲ, ಕಲಿಕೆಯ ಗುರುತು. ಕಲಿಯುವವರ ಮುಂದೆ ತಾಳ್ಮೆಯಿಂದ ಕುಳಿತಿರುವುದು ಕಲಿಸುವವರ ಧರ್ಮ. ಆ ಧರ್ಮವನ್ನು ಪಾಲಿಸಲು ಯಾವ ಪದವಿಯೂ ಬೇಕಾಗಿಲ್ಲ.